ಯುವ ಮತದಾರರ ಮನಸ್ಸು ಗೆಲ್ಲಬಯಸುವ ಪಕ್ಷಗಳಿಗೆ: ಮುಂಬಯಿ ಕನ್ನಡಿಗರ ನಡುವೆ ಪದೇ ಪದೇ ಕೇಳಿಬರುವ ಪ್ರಶ್ನೆಗಳು

ಮುಂಬಯಿ, ಠಾಣೆ, ಡೊಂಬಿವಲಿ, ಮೀರಾ ರೋಡ್ ಮತ್ತು ನಾಲಾಸೋಪಾರಾ ಪರಿಸರದ ಕನ್ನಡಿಗರ ನಡುವೆ ಮತದಾರರ ನೋಂದಣಿಯ ಕೆಲಸದಲ್ಲಿ ತೊಡಗಿರುವ ನನ್ನ ಬಳಿ ಬೇರೆ ಬೇರೆ ಪಕ್ಷಗಳ ಕಾರ್ಯಕರ್ತರು, ಸಂಘಗಳ ಪದಾಧಿಕಾರಿಗಳು ಹಾಗೂ ತಂದೆತಾಯಂದಿರು ಸುತ್ತಿ ಬಳಸಿ ಕೇಳುವುದು ಒಂದೇ ಮಾತನ್ನು: ಹೊಸ ತಲೆಮಾರಿನವರ ಮತವನ್ನು ಒಂದು ಪಕ್ಷ ಹೇಗೆ ಗಳಿಸಬಹುದು? ಕೆಳಗಿನ ಉತ್ತರಗಳನ್ನು ಯಾವ ಪಕ್ಷದವರಾದರೂ ಬಳಸಿಕೊಳ್ಳಬಹುದು. ಎಲ್ಲ ಪಕ್ಷಗಳೂ ಬಳಸಿಕೊಂಡರೆ ನನಗೆ ಇನ್ನಷ್ಟು ಸಂತೋಷ.

ಯುವ ಮತದಾರರು ಎಂದರೆ ನಿಖರವಾಗಿ ಯಾರು?

ಸಂವಿಧಾನದ 61ನೆಯ ತಿದ್ದುಪಡಿಯು 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದಾಗ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 2024ರ ಲೋಕಸಭಾ ಚುನಾವಣೆಯ ಘೋಷಣೆಯ ಹೊತ್ತಿಗೆ ದೇಶದ ಮತದಾರರ ಪಟ್ಟಿಯಲ್ಲಿ 18 ಮತ್ತು 19 ವಯಸ್ಸಿನವರು ಸುಮಾರು 1.8 ಕೋಟಿ, 20ರಿಂದ 29ರ ನಡುವಿನವರು 19 ಕೋಟಿಗೂ ಹೆಚ್ಚು ಇದ್ದರು. ಪಕ್ಷಗಳು ಈ ಎರಡೂ ಗುಂಪುಗಳನ್ನು ಒಂದೇ ಬುಟ್ಟಿಗೆ ಹಾಕುತ್ತವೆ. ತಪ್ಪು ಅಲ್ಲಿಂದಲೇ ಆರಂಭವಾಗುತ್ತದೆ. ಹದಿನೆಂಟರ ಹುಡುಗಿಗೆ ಕಾಲೇಜಿನ ಪ್ರವೇಶ ಮತ್ತು ರೈಲಿನ ರಿಯಾಯಿತಿ ಪಾಸಿನ ಚಿಂತೆ ಇದ್ದರೆ, ಇಪ್ಪತ್ತೆಂಟರ ಯುವಕನಿಗೆ ಮನೆಬಾಡಿಗೆ, ಸಾಲದ ಕಂತು ಮತ್ತು ಮಗುವಿನ ಶಾಲೆಯ ಚಿಂತೆ ಇರುತ್ತದೆ.

ಮುಂಬಯಿಯ ಕನ್ನಡಿಗರಲ್ಲಿ ಇನ್ನೊಂದು ವಿಂಗಡಣೆಯೂ ಅಗತ್ಯ. ಅಜ್ಜನ ಕಾಲದಲ್ಲಿ ಇಲ್ಲಿ ನೆಲೆಸಿದ ಮನೆಗಳ ಮಕ್ಕಳು ಒಂದು ಗುಂಪು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ಹೋಟೆಲು, ಬ್ಯಾಂಕು ಅಥವಾ ಐಟಿ ಕಂಪನಿಯ ಕೆಲಸಕ್ಕೆಂದು ಒಬ್ಬಂಟಿಯಾಗಿ ಬಂದವರು ಮತ್ತೊಂದು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದು ಕೂಲಿ ಸಿಗುವ ನಾಕಾಗಳಲ್ಲಿ ಬೆಳಿಗ್ಗೆ ನಿಲ್ಲುವವರು ಮೂರನೆಯವರು. ಮಾಟುಂಗಾದ ಸಭಾಗೃಹದಲ್ಲಿ ನಡೆಯುವ ಯುವ ಸಮಾವೇಶಕ್ಕೆ ಬರುವುದು ಹೆಚ್ಚಾಗಿ ಮೊದಲ ಗುಂಪು ಮಾತ್ರ, ಮೂರನೆಯ ಗುಂಪಿಗೆ ಅದರ ಕರೆಯೋಲೆಯೂ ತಲುಪಿರುವುದಿಲ್ಲ.

ಈಗಿನ ಹುಡುಗರಿಗೆ ರಾಜಕೀಯದಲ್ಲಿ ಆಸಕ್ತಿಯೇ ಇಲ್ಲವಲ್ಲ?

ಈ ಮಾತನ್ನು ನಾನು ಒಪ್ಪುವುದಿಲ್ಲ. ಮುಂಬಯಿ ಮಹಾನಗರ ಪಾಲಿಕೆಯ 227 ಸ್ಥಾನಗಳಿಗೆ 2017ರ ಫೆಬ್ರುವರಿ 21ರಂದು ಚುನಾವಣೆ ನಡೆಯಿತು. ಅದರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ನಗರವು ಆಡಳಿತಾಧಿಕಾರಿಯ ಕೈಗೆ ಹೋಯಿತು, ಮುಂದಿನ ಮತದಾನ ನಡೆದದ್ದು 2026ರ ಜನವರಿ 15ರಂದು. 2017ರ ಮಾರ್ಚ್‌ನಲ್ಲಿ ಹದಿನೆಂಟು ತುಂಬಿದ ಒಬ್ಬ ಯುವತಿಯು ತನ್ನ ವಾರ್ಡಿನ ಪ್ರತಿನಿಧಿಯನ್ನು ಆರಿಸುವ ಹೊತ್ತಿಗೆ ಇಪ್ಪತ್ತೇಳನೆಯ ವರ್ಷದ ಹೊಸ್ತಿಲಲ್ಲಿದ್ದಳು. ಚರಂಡಿ, ನೀರು, ಪಾದಚಾರಿ ದಾರಿ, ಪಾಲಿಕೆ ಆಸ್ಪತ್ರೆ ಇವೆಲ್ಲವನ್ನೂ ದಿನನಿತ್ಯ ಬಳಸುತ್ತಾ, ಅವುಗಳ ಬಗ್ಗೆ ಯಾರನ್ನು ಕೇಳಬೇಕೆಂಬುದೇ ತಿಳಿಯದೆ ಬೆಳೆದ ತಲೆಮಾರಿಗೆ ಆಸಕ್ತಿ ಇಲ್ಲವೆಂದು ದೂರುವುದು ನ್ಯಾಯವಲ್ಲ.

ತಮ್ಮನ್ನು ನೇರವಾಗಿ ತಟ್ಟುವ ವಿಷಯ ಬಂದಾಗ ಯುವಕರು ಬೀದಿಗಿಳಿಯುವುದನ್ನು ದೇಶ ಹಲವು ಸಲ ಕಂಡಿದೆ. ಗುಜರಾತಿನ ನವನಿರ್ಮಾಣ ಚಳವಳಿಯು 1973ರ ಕೊನೆಯಲ್ಲಿ ಅಹಮದಾಬಾದಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಾಸ್ಟೆಲಿನ ಊಟದ ದರ ಏರಿದ್ದಕ್ಕಾಗಿ ಎದ್ದಿತು, 1974ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಡುವವರೆಗೂ ಬೆಳೆಯಿತು. ನಮಗೆ ಹತ್ತಿರದ ಪುಣೆಯಲ್ಲಿ, 2024ರ ಆಗಸ್ಟ್ 25ರಂದು ಮಹಾರಾಷ್ಟ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯೂ ಬ್ಯಾಂಕ್ ನೇಮಕಾತಿಯ ಪರೀಕ್ಷೆಯೂ ಒಂದೇ ದಿನಕ್ಕೆ ಬಿದ್ದಾಗ ಅಭ್ಯರ್ಥಿಗಳು ರಸ್ತೆಯಲ್ಲಿ ಕುಳಿತರು, ಆಯೋಗವು ತನ್ನ ಪರೀಕ್ಷೆಯನ್ನು ಮುಂದೂಡಬೇಕಾಯಿತು. ಊಟದ ದರ, ಪರೀಕ್ಷೆಯ ದಿನಾಂಕ ಇವು ಹಿರಿಯ ನಾಯಕರ ಭಾಷಣಗಳಲ್ಲಿ ಸ್ಥಾನ ಪಡೆಯದ ವಿಷಯಗಳು ಎಂಬುದನ್ನು ಗಮನಿಸಬೇಕು.

ಹಾಗಾದರೆ ಪಕ್ಷವು ಮೊದಲು ಮಾಡಬೇಕಾದ ಕೆಲಸ ಯಾವುದು?

ಹೆಸರು ಸೇರಿಸುವುದು. ಘೋಷಣೆ, ಹಾಡು, ಸಮಾವೇಶ ಎಲ್ಲವೂ ಅದರ ನಂತರದ ಮಾತು. 2024ರಲ್ಲಿ ಪಟ್ಟಿಯಲ್ಲಿದ್ದ 18–19 ವಯಸ್ಸಿನವರ ಸಂಖ್ಯೆಯು ದೇಶದಲ್ಲಿ ಆ ವಯಸ್ಸಿನ ಒಟ್ಟು ಜನರ ಅರ್ಧಕ್ಕಿಂತಲೂ ಬಹಳ ಕಡಿಮೆಯಿತ್ತು. ಪಟ್ಟಿಯಲ್ಲಿ ಇಲ್ಲದವನ ಮನಸ್ಸನ್ನು ಎಷ್ಟು ಗೆದ್ದರೂ ಮತ ಪೆಟ್ಟಿಗೆಯನ್ನು ತಲುಪುವುದಿಲ್ಲ.

ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. ಜನವರಿ 2ರಂದು ಹದಿನೆಂಟು ತುಂಬಿದವರು ಒಂದು ವರ್ಷ ಕಾಯಬೇಕಾಗಿತ್ತು. ಚುನಾವಣಾ ಕಾನೂನಿಗೆ 2021ರಲ್ಲಿ ತಂದ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂದು ನಾಲ್ಕು ದಿನಾಂಕಗಳಾಗಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8. ಚುನಾವಣಾ ಆಯೋಗದ ಆ್ಯಪ್ ಮೂಲಕವೇ ಎರಡನ್ನೂ ಸಲ್ಲಿಸಬಹುದು, ಸಂದೇಹವಿದ್ದರೆ 1950 ಸಂಖ್ಯೆಗೆ ಕರೆ ಮಾಡಬಹುದು.

ಇದನ್ನು ಚುನಾವಣೆ ಘೋಷಣೆಯಾದ ಮೇಲೆ ಮಾಡುತ್ತೇವೆಂದು ಕುಳಿತವರು 2026ರ ಪಾಲಿಕೆ ಚುನಾವಣೆಯಲ್ಲಿ ಬೆಲೆ ತೆತ್ತರು. ಆ ಚುನಾವಣೆಗೆ 2025ರ ಜುಲೈ 1ರ ಪಟ್ಟಿಯನ್ನು ಆಧಾರವಾಗಿ ತೆಗೆದುಕೊಂಡಿದ್ದರಿಂದ, ಆ ಬಳಿಕದ ಆರು ತಿಂಗಳಲ್ಲಿ ಹದಿನೆಂಟು ತುಂಬಿದವರೂ ತಡವಾಗಿ ಅರ್ಜಿ ಹಾಕಿದವರೂ ಮತಗಟ್ಟೆಯ ಹೊರಗೇ ಉಳಿದರು. ಪ್ರತಿ ಮತಗಟ್ಟೆಗೆ ಒಬ್ಬ ಕಾರ್ಯಕರ್ತ ವರ್ಷಕ್ಕೆ ನಾಲ್ಕು ಬಾರಿ, ತನ್ನ ಓಣಿಯಲ್ಲಿ ಯಾರಿಗೆ ಹದಿನೆಂಟು ತುಂಬಿತು ಎಂದು ಮನೆಮನೆಗೆ ಹೋಗಿ ಕೇಳಿದರೆ ಸಾಕು. ತನ್ನ ಮೊದಲ ಗುರುತಿನ ಚೀಟಿ ಕೈಗೆ ಬರುವಂತೆ ಓಡಾಡಿದವರ ಮುಖವನ್ನು ಯಾರೂ ಬೇಗ ಮರೆಯುವುದಿಲ್ಲ. ಆದರೆ ಒಂದು ನಿಯಮವನ್ನು ಪಾಲಿಸಲೇಬೇಕು: ನಮ್ಮ ಪಕ್ಷದವನೋ ಅಲ್ಲವೋ ಎಂದು ನೋಡಿ ಅರ್ಜಿ ತುಂಬಿಸಬಾರದು. ಹಾಗೆ ಆಯ್ದು ಮಾಡಿದ ಸಹಾಯದ ಸುದ್ದಿ ಚಾಳಿನ ಸಾಲುಮನೆಗಳಲ್ಲಿ ಒಂದೇ ದಿನದಲ್ಲಿ ಹರಡುತ್ತದೆ.

ಬಾಡಿಗೆ ಕೋಣೆಯಲ್ಲಿ, ಪೇಯಿಂಗ್ ಗೆಸ್ಟ್ ಆಗಿ ಅಥವಾ ಹೋಟೆಲಿನ ಮಾಳಿಗೆಯಲ್ಲಿ ಇರುವವರು ವಿಳಾಸದ ದಾಖಲೆ ಎಲ್ಲಿಂದ ತರಬೇಕು?

ನೋಂದಾಯಿತ ಬಾಡಿಗೆ ಕರಾರು ಇದ್ದರೆ ಅದು ಸಾಕು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯವರ ಹೆಸರಿನ ನೀರು ಅಥವಾ ವಿದ್ಯುತ್ ಬಿಲ್ಲು ಕೂಡ ನಡೆಯುತ್ತದೆ. ಇವೊಂದೂ ಇಲ್ಲದಿದ್ದರೂ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ಮತಗಟ್ಟೆ ಅಧಿಕಾರಿಯು ಸ್ಥಳಕ್ಕೆ ಬಂದು ಪರಿಶೀಲಿಸಬೇಕೆಂದು ನಮೂನೆ 6ರಲ್ಲೇ ಹೇಳಿದೆ. ಹಾಸ್ಟೆಲಿನ ವಿದ್ಯಾರ್ಥಿಗಳು ತಮ್ಮ ಊರಿನ ವಿಳಾಸವನ್ನಾಗಲಿ ಹಾಸ್ಟೆಲಿನ ವಿಳಾಸವನ್ನಾಗಲಿ ಆರಿಸಿಕೊಳ್ಳಬಹುದು, ಎರಡನೆಯದಕ್ಕೆ ಸಂಸ್ಥೆಯ ಪ್ರಮಾಣಪತ್ರ ಬೇಕು.

ಕಷ್ಟವಿರುವುದು ಕಾನೂನಿನಲ್ಲಿ ಅಲ್ಲ. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಅಂಧೇರಿಯಿಂದ ಭಾಂಡುಪಿಗೆ, ಅಲ್ಲಿಂದ ದಿವಾಕ್ಕೆ ಮನೆ ಬದಲಾಯಿಸುವ ಯುವಕನಿಗೆ ಪ್ರತಿ ಸಲವೂ ನಮೂನೆ 8 ತುಂಬುವುದು ನೆನಪಿರುವುದಿಲ್ಲ. ಅಧಿಕಾರಿ ಮನೆಗೆ ಬಂದಾಗ ಅವನು ಲೋಕಲ್ ಗಾಡಿಯಲ್ಲಿರುತ್ತಾನೆ, ಮನೆಯ ಮಾಲೀಕ "ಇಲ್ಲಿ ಯಾರೂ ಇಲ್ಲ" ಎಂದುಬಿಡುತ್ತಾನೆ. ಪಕ್ಷದ ಸ್ಥಳೀಯ ಕಾರ್ಯಕರ್ತ ಪ್ರಯೋಜನಕ್ಕೆ ಬರುವುದು ಈ ಘಟ್ಟದಲ್ಲಿಯೇ: ಅಧಿಕಾರಿ ಬರುವ ದಿನವನ್ನು ವಿಚಾರಿಸಿ ತಿಳಿಸುವುದು, ಮಾಲೀಕನಿಗೆ ಇದರಿಂದ ಮನೆಯ ಹಕ್ಕಿಗೆ ಧಕ್ಕೆಯಿಲ್ಲವೆಂದು ವಿವರಿಸುವುದು.

ಊರಿನಲ್ಲಿಯೂ ಹೆಸರಿರಲಿ, ಇಲ್ಲಿಯೂ ಇರಲಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಮಾಡಬಾರದು. 1950ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಒಬ್ಬ ವ್ಯಕ್ತಿಯ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳ ಪಟ್ಟಿಯಲ್ಲಿ ಇರುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದವರೆಗೆ ಸೆರೆಮನೆ ಅಥವಾ ದಂಡ ಅಥವಾ ಎರಡೂ ಆಗಬಹುದು. 2024ರಲ್ಲಿ ಉಡುಪಿ–ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 26ರಂದು, ಮುಂಬಯಿಯಲ್ಲಿ ಮೇ 20ರಂದು ಮತದಾನವಿದ್ದುದರಿಂದ ಎರಡೂ ಕಡೆ ಮತ ಹಾಕುವ ಆಸೆ ಕೆಲವರಲ್ಲಿ ಮೂಡಿತ್ತು. ಅಂಥ ಆಸೆಗೆ ಯಾವ ಪಕ್ಷವೂ ನೀರೆರೆಯಬಾರದು. ಮತದಾರರನ್ನು ಮತಗಟ್ಟೆಗೆ ಪುಕ್ಕಟೆಯಾಗಿ ಸಾಗಿಸಲು ಅಭ್ಯರ್ಥಿಯ ಕಡೆಯವರು ಬಸ್ಸು ಗೊತ್ತುಮಾಡುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೆಯ ಕಲಮಿನಡಿ ಭ್ರಷ್ಟ ಆಚರಣೆಯಾಗುತ್ತದೆ.

ಊರಿನ ನಂಟು ಕಡಿದುಹೋಗುತ್ತದೆ ಎಂಬ ಹಿರಿಯರ ನೋವು ನನಗೆ ಅರ್ಥವಾಗುತ್ತದೆ. ಆದರೂ ಮಗ ಓಡಾಡುವ ರಸ್ತೆ ಇಲ್ಲಿದ್ದು ಅವನ ಮತ ಕುಂದಾಪುರದಲ್ಲಿದ್ದರೆ, ಆ ರಸ್ತೆಯ ಬಗ್ಗೆ ಅವನ ಮಾತಿಗೆ ಕಿವಿಗೊಡುವವರು ಯಾರು? ಮುಂಬಯಿಯ ಪಕ್ಷಗಳು ಕನ್ನಡದ ಯುವಕರನ್ನು ಇಷ್ಟು ಕಾಲ ಲೆಕ್ಕಕ್ಕೆ ಹಿಡಿಯದೆ ಇದ್ದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಯಾವ ವಿಷಯಗಳ ಮೇಲೆ ಮಾತನಾಡಿದರೆ ಯುವಕರು ಕಿವಿಗೊಡುತ್ತಾರೆ?

ಉದ್ಯೋಗ ಮೊದಲನೆಯದು. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2023–24ರಲ್ಲಿ ದೇಶದ ಒಟ್ಟು ನಿರುದ್ಯೋಗ ಪ್ರಮಾಣ ಶೇ. 3.2 ಇದ್ದರೆ, 15ರಿಂದ 29 ವಯಸ್ಸಿನವರಲ್ಲಿ ಅದು ಶೇ. 10.2 ಇತ್ತು. ಆದರೆ "ಉದ್ಯೋಗ ಸೃಷ್ಟಿಸುತ್ತೇವೆ" ಎಂಬ ಒಂದು ಸಾಲನ್ನು ಎಲ್ಲ ಪ್ರಣಾಳಿಕೆಗಳಲ್ಲಿಯೂ ಓದಿ ಬೇಸತ್ತಿರುವ ಓದುಗನಿಗೆ ಆ ಸಾಲು ಮತ್ತೇನನ್ನೂ ಹೇಳುವುದಿಲ್ಲ. ಪಾಲಿಕೆಯಲ್ಲಿ ಎಷ್ಟು ಹುದ್ದೆಗಳು ಖಾಲಿ ಇವೆ, ಅವುಗಳ ನೇಮಕಾತಿಯ ವೇಳಾಪಟ್ಟಿ ಯಾವುದು, ಗುತ್ತಿಗೆ ನೌಕರರನ್ನು ಎಂದು ಕಾಯಂ ಮಾಡುವಿರಿ, ಊಟ ತಲುಪಿಸುವ ಹುಡುಗರಿಗೆ ಅಪಘಾತ ವಿಮೆ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು.

ಎರಡನೆಯದು ಓಡಾಟ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ಗಾಡಿಗಳಿಂದ ಬಿದ್ದು ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಡೊಂಬಿವಲಿಯ ಯಾವ ಮನೆಯಲ್ಲಿಯೂ ಅದು ದೂರದ ಸುದ್ದಿಯಾಗಿರಲಿಲ್ಲ, ಏಕೆಂದರೆ ಪ್ರತಿ ಮನೆಯಿಂದಲೂ ಒಬ್ಬರು ಅದೇ ಹೊತ್ತಿಗೆ ಅದೇ ಬಾಗಿಲಿಗೆ ಜೋತುಬಿದ್ದು ಹೋಗುವವರಿದ್ದಾರೆ. ಅದೇ ವರ್ಷದ ಮೇ ತಿಂಗಳಲ್ಲಿ ಮುಂಬಯಿಯ ನಗರ ಸಾರಿಗೆಯಾದ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ತಿಂಗಳಿಗೆ ಹದಿನೈದು ಸಾವಿರ ದುಡಿಯುವವನಿಗೆ ನಿಲ್ದಾಣದಿಂದ ಕಚೇರಿಯವರೆಗಿನ ಈ ಹೆಚ್ಚುವರಿ ಐದು ರೂಪಾಯಿ ದಿನಕ್ಕೆ ಎರಡು ಸಲ ನೆನಪಾಗುತ್ತದೆ.

ಇಲ್ಲಿ ಪಕ್ಷಗಳು ಪ್ರಾಮಾಣಿಕವಾಗಿರಬೇಕಾದ ಒಂದು ಸ್ಥಳವಿದೆ. ಲೋಕಲ್ ಗಾಡಿ ರೈಲ್ವೆ ಇಲಾಖೆಯದು, ಬಸ್ಸು ಪಾಲಿಕೆಯ ಉದ್ಯಮದ್ದು, ಮ್ಹಾಡಾ ಎಂಬ ವಸತಿ ಪ್ರಾಧಿಕಾರದ ಮನೆಗಳು ರಾಜ್ಯ ಸರ್ಕಾರದ್ದು. ವಾರ್ಡಿನ ಅಭ್ಯರ್ಥಿಯು ಹೊಸ ರೈಲು ತರುತ್ತೇನೆಂದು ಭರವಸೆ ಕೊಟ್ಟರೆ ಅಂಗೈಯಲ್ಲಿ ಫೋನಿರುವ ಹುಡುಗಿ ಅದನ್ನು ಅಲ್ಲಿಯೇ ಪರಿಶೀಲಿಸುತ್ತಾಳೆ. "ಇದು ನನ್ನ ಅಧಿಕಾರದಲ್ಲಿಲ್ಲ; ಆದರೆ ನಿಲ್ದಾಣದ ಹೊರಗಿನ ರಸ್ತೆ, ಶೌಚಾಲಯ ಮತ್ತು ಬೀದಿದೀಪ ನನ್ನ ಹೊಣೆ" ಎಂದು ಹೇಳುವವರ ಮಾತಿಗೆ ಹೆಚ್ಚು ತೂಕವಿರುತ್ತದೆ.

ಕನ್ನಡಿಗರೆಲ್ಲ ಒಂದಾಗಿ ಕನ್ನಡದ ಅಭ್ಯರ್ಥಿಗೆ ಮತ ಹಾಕಿ ಎಂದು ಯುವಕರನ್ನು ಕೇಳಬಹುದೇ?

ಕಾನೂನು ಅದಕ್ಕೆ ಒಪ್ಪುವುದಿಲ್ಲ. ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಹೆಸರಿನಲ್ಲಿ ಅಭ್ಯರ್ಥಿಯು ಮತ ಯಾಚಿಸುವುದು ಭ್ರಷ್ಟ ಆಚರಣೆ. ಈ ನಿಯಮದ ವ್ಯಾಪ್ತಿಯನ್ನು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ 4–3ರ ಬಹುಮತದಿಂದ ವಿಸ್ತರಿಸಿ, ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಭಾಷೆ ಅಥವಾ ಧರ್ಮದ ಹೆಸರು ಹೇಳಿ ಮತ ಕೇಳುವುದೂ ಸಲ್ಲದು ಎಂದಿತು. ಆ ಪ್ರಕರಣ ಹುಟ್ಟಿದ್ದು ನಮ್ಮ ಸಾಂತಾಕ್ರೂಜ್ ಕ್ಷೇತ್ರದ 1990ರ ವಿಧಾನಸಭಾ ಚುನಾವಣೆಯಿಂದ. ಭಾಷಾ ಅಲ್ಪಸಂಖ್ಯಾತರ ಸಮಸ್ಯೆಗಳನ್ನು, ಉದಾಹರಣೆಗೆ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ಸ್ಥಿತಿಯನ್ನು, ಚರ್ಚಿಸುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ನಾನು ಬೇಡವೆನ್ನುತ್ತೇನೆ. 1966ರಲ್ಲಿ ಬಾಳ ಠಾಕ್ರೆಯವರು ಶಿವಸೇನೆಯನ್ನು ಸ್ಥಾಪಿಸಿದಾಗ ಮರಾಠಿ ಯುವಕರ ಉದ್ಯೋಗದ ಸಂಕಟ ನಿಜವಾದದ್ದೇ ಆಗಿತ್ತು. ಆದರೆ ಆ ಕೋಪವನ್ನು ದಕ್ಷಿಣ ಭಾರತದಿಂದ ಬಂದವರ ಮೇಲೆ ತಿರುಗಿಸಿದಾಗ ಉಡುಪಿ ಹೋಟೆಲುಗಳು ಏಟು ತಿಂದವು. ನಮ್ಮ ಹಿರಿಯರು ಅದನ್ನು ಅನುಭವಿಸಿದವರು. ಯುವಕರ ಕೋಪವನ್ನು ನೆರೆಯವರ ಮೇಲೆ ಹರಿಯಬಿಡುವ ದಾರಿ ಯಾರ ಕೈಯಲ್ಲಿದ್ದರೂ ಕೆಟ್ಟದ್ದೇ. ಅದೇ ಪಕ್ಷದಿಂದ ಕಲಿಯಬೇಕಾದದ್ದು ಇನ್ನೊಂದಿದೆ, ಅದು ಶಾಖೆಯ ವ್ಯವಸ್ಥೆ. ನಲ್ಲಿಯಲ್ಲಿ ನೀರು ಬಾರದಿದ್ದಾಗ, ಶಾಲೆಯಲ್ಲಿ ಸೀಟು ಸಿಗದಿದ್ದಾಗ, ಆಸ್ಪತ್ರೆಗೆ ಹೋಗಲು ವಾಹನ ಬೇಕಾದಾಗ ನಡೆದು ಹೋಗುವಷ್ಟು ಹತ್ತಿರದಲ್ಲಿ ತೆರೆದ ಬಾಗಿಲೊಂದು ಇತ್ತು, ಅಲ್ಲಿ ಇಪ್ಪತ್ತರ ಹುಡುಗನೂ ಹೊಣೆ ಹೊತ್ತು ಕುಳಿತಿರುತ್ತಿದ್ದ. ಕನ್ನಡ, ತುಳು ಮನೆಮಾತಿನವರೂ ಮುಂದೆ ಆ ಪಕ್ಷದ ಕಾರ್ಯಕರ್ತರಾದದ್ದಕ್ಕೆ ಭಾಷಣಗಳಿಗಿಂತ ಆ ಬಾಗಿಲೇ ಹೆಚ್ಚಿನ ಕಾರಣವೆಂದು ನಾನು ನಂಬಿದ್ದೇನೆ.

ಕನ್ನಡದಲ್ಲಿ ಕರಪತ್ರ ಹಂಚಿದರೆ ಪ್ರಯೋಜನವಿದೆಯೇ?

ತಂದೆತಾಯಂದಿರಿಗೆ ಇದೆ. ಇಲ್ಲಿಯೇ ಹುಟ್ಟಿ ಬೆಳೆದ ಬಹಳ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಆಡುತ್ತಾರೆ. ಓದಲು ಬರುವುದು ಇಂಗ್ಲಿಷ್, ಹಿಂದಿ, ಮರಾಠಿ. ಅವರಿಗೆ ಧ್ವನಿಯ ಮೂಲಕ, ಅಂದರೆ ಮಾತಿನ ವಿಡಿಯೊ ಅಥವಾ ಎದುರಾಬದುರು ಸಂಭಾಷಣೆಯ ಮೂಲಕ ಕನ್ನಡದಲ್ಲಿ ಹೇಳಿ, ಬರಹವನ್ನು ಮರಾಠಿಯಲ್ಲಿ ಕೊಡುವುದು ಸೂಕ್ತ. ಕಲಬುರಗಿ ಕಡೆಯಿಂದ ಬಂದ ಕಾರ್ಮಿಕ ಯುವಕರಿಗೆ ಮಾತ್ರ ಕನ್ನಡದ ಬರಹವೇ ಬೇಕು, ಅದೂ ಅವರ ಆಡುಮಾತಿಗೆ ಹತ್ತಿರದ ಸರಳ ಕನ್ನಡ.

ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡುವಾಗ ಏನನ್ನು ಗಮನಿಸಬೇಕು?

ಜಾಲತಾಣಕ್ಕೆ ಹಾಕುವ ಜಾಹೀರಾತಿಗೂ ಆಯೋಗದ ಮಾಧ್ಯಮ ಸಮಿತಿಯ ಪೂರ್ವಾನುಮತಿ ಬೇಕು, ಅದರ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆಗಳ ಮೌನದ ಅವಧಿಯನ್ನು ಇಲ್ಲಿಯೂ ಪಾಲಿಸಬೇಕು. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ನಕಲಿ ವಿಡಿಯೊ ಗಮನಕ್ಕೆ ಬಂದ ಮೂರು ಗಂಟೆಗಳೊಳಗೆ ತೆಗೆದುಹಾಕಬೇಕೆಂದು ಆಯೋಗವು 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ಸೂಚಿಸಿದೆ.

ನಿಯಮಗಳಾಚೆಗೆ ನನ್ನ ಅನುಭವದ ಮಾತು ಇಷ್ಟು. ನಾಯಕರ ಮುಖವಿರುವ ಶುಭಾಶಯದ ಚಿತ್ರಗಳನ್ನು ದಿನವೂ ಕಳುಹಿಸುವ ವಾಟ್ಸ್‌ಆ್ಯಪ್ ಗುಂಪುಗಳನ್ನು ಯುವಕರು ತೆರೆದೂ ನೋಡುವುದಿಲ್ಲ. ಅದೇ ಗುಂಪಿನಲ್ಲಿ "ನಾಳೆ ನಮ್ಮ ವಾರ್ಡಿನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ", "ಹನ್ನೊಂದನೆಯ ತರಗತಿಯ ಪ್ರವೇಶದ ಎರಡನೆಯ ಸುತ್ತಿನ ಕೊನೆಯ ದಿನ ಯಾವುದು" ಎಂಬ ಸಂದೇಶ ಬಂದರೆ ಅದನ್ನು ಇತರರಿಗೂ ಕಳುಹಿಸುತ್ತಾರೆ. ಒಂದು ಪ್ರಶ್ನೆ ಕೇಳಿದವನಿಗೆ ಅದೇ ದಿನ ಉತ್ತರ ಸಿಗಬೇಕು, ಟೀಕಿಸಿದವನನ್ನು ಗುಂಪಿನಿಂದ ಹೊರಹಾಕಬಾರದು. ಸಂಘದ ಸದಸ್ಯರ ಪಟ್ಟಿಯಿಂದಲೋ ಟ್ಯೂಷನ್ ತರಗತಿಯಿಂದಲೋ ಫೋನ್ ಸಂಖ್ಯೆಗಳನ್ನು ಕೇಳದೆ ಎತ್ತಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ.

ಕ್ರಿಕೆಟ್ ಪಂದ್ಯಾವಳಿ, ದಹೀಹಂಡಿ (ಮೊಸರು ಕುಡಿಕೆ), ಟೀ ಶರ್ಟು ಇವುಗಳಿಂದ ಯುವಕರು ಹತ್ತಿರ ಬರುವುದಿಲ್ಲವೇ?

ಬರುತ್ತಾರೆ, ಆಟ ಆಡಿ ಹೋಗುತ್ತಾರೆ. ಅದೇ ಹುಡುಗರು ಮೂರು ಪಕ್ಷಗಳ ಟೀ ಶರ್ಟುಗಳನ್ನು ಮನೆಯಲ್ಲಿ ಮಡಚಿಟ್ಟಿರುವುದನ್ನು ನಾನು ನೋಡಿದ್ದೇನೆ. ಮತಕ್ಕಾಗಿ ಉಡುಗೊರೆ ಕೊಡುವುದು ಲಂಚವೆಂದು ಕಾನೂನು ಹೇಳುತ್ತದೆ. ಮಕ್ಕಳನ್ನು ಮೆರವಣಿಗೆ, ಘೋಷಣೆ, ಕರಪತ್ರ ಹಂಚಿಕೆ ಯಾವುದಕ್ಕೂ ಬಳಸಬಾರದೆಂದು ಆಯೋಗವು 2024ರ ಫೆಬ್ರುವರಿಯಲ್ಲಿ ಕಟ್ಟುನಿಟ್ಟಾಗಿ ಸೂಚಿಸಿದೆ.

ನಮ್ಮ ಪಕ್ಷದಲ್ಲಿ ಯುವ ಘಟಕವಿದೆ. ಆದರೂ ಯುವಕರು ಏಕೆ ಉಳಿಯುವುದಿಲ್ಲ?

ಏಕೆಂದರೆ ಅಲ್ಲಿ ಕೆಲಸವಿದೆ, ಅಧಿಕಾರವಿಲ್ಲ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಕುರ್ಚಿ ಜೋಡಿಸುವುದು, ಬ್ಯಾನರ್ ಕಟ್ಟುವುದು, ಬೈಕ್ ಮೆರವಣಿಗೆಯಲ್ಲಿ ಮುಂದೆ ಹೋಗುವುದು, ವೇದಿಕೆಯ ಮೇಲಿನ ಹಿರಿಯರಿಗೆ ಶಾಲು ತಂದುಕೊಡುವುದು, ಇಷ್ಟಕ್ಕೆ ಕರೆಸಿಕೊಂಡವರು ಎರಡನೆಯ ವರ್ಷ ಬರುವುದಿಲ್ಲ. ನಾನು ಭಾಗವಹಿಸಿದ್ದ ಒಂದು ಸಭೆಯಲ್ಲಿ ಯುವಕರ ಸಮಸ್ಯೆಗಳ ಬಗ್ಗೆ ಎರಡು ಗಂಟೆ ಚರ್ಚೆ ನಡೆಯಿತು. ಮಾತನಾಡಿದವರೆಲ್ಲ ಐವತ್ತು ದಾಟಿದವರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಆರು ಜನ ಹುಡುಗರಿಗೆ ಮೈಕು ತಲುಪುವ ಮೊದಲೇ ಊಟಕ್ಕೆ ಏಳುವ ಹೊತ್ತಾಯಿತು. ಅವರಲ್ಲಿ ಒಬ್ಬನೂ ಮುಂದಿನ ಸಭೆಗೆ ಬರಲಿಲ್ಲ. ಅಂದು ಎದ್ದು ನಿಂತು "ಇವರನ್ನು ಮೊದಲು ಮಾತನಾಡಿಸಿ" ಎಂದು ಹೇಳದೆ ಸುಮ್ಮನಿದ್ದುದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿದೆ.

ಪಾಲಿಕೆಯ ಚುನಾವಣೆಗೆ ನಿಲ್ಲಲು 21 ವರ್ಷ ಸಾಕು, ವಿಧಾನಸಭೆಗೂ ಲೋಕಸಭೆಗೂ 25. ಟಿಕೆಟು ಹಂಚುವಾಗ ಈ ಮಾತು ಪಕ್ಷಗಳ ನೆನಪಿಗೆ ಬರುವುದು ನಾಯಕರ ಮಕ್ಕಳ ವಿಷಯದಲ್ಲಿ ಮಾತ್ರ. 2024ರಲ್ಲಿ ಬೀದರಿನಿಂದ ಸಾಗರ್ ಖಂಡ್ರೆ 26ರ ವಯಸ್ಸಿನಲ್ಲಿ, ಚಿಕ್ಕೋಡಿಯಿಂದ ಪ್ರಿಯಾಂಕಾ ಜಾರಕಿಹೊಳಿ 27ರ ವಯಸ್ಸಿನಲ್ಲಿ ಲೋಕಸಭೆಗೆ ಆರಿಸಿಬಂದರು. ಯುವ ಮುಖಗಳು ಸಂಸತ್ತಿಗೆ ಹೋದದ್ದು ಒಳ್ಳೆಯದೇ. ಆದರೆ ಇಬ್ಬರ ತಂದೆಯರೂ ಆಗ ಕರ್ನಾಟಕದ ಸಚಿವರಾಗಿದ್ದರು ಎಂಬುದನ್ನು ಸಾಮಾನ್ಯ ಮನೆಯ ಯುವಕ ಗಮನಿಸದೆ ಇರುವುದಿಲ್ಲ.

ಮುಂಬಯಿಯ ನೆನಪಿನಲ್ಲಿ ಬೇರೊಂದು ಉದಾಹರಣೆಯಿದೆ. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಇಪ್ಪತ್ತರ ಆಸುಪಾಸಿನಲ್ಲಿ ಬರಿಗೈಯಲ್ಲಿ ಇಲ್ಲಿಗೆ ಬಂದವರು. ಟ್ಯಾಕ್ಸಿ ಚಾಲಕರನ್ನೂ ಪಾಲಿಕೆಯ ನೌಕರರನ್ನೂ ಸಂಘಟಿಸಿ, 1961ರಲ್ಲಿ ಪಾಲಿಕೆಯ ಸದಸ್ಯರಾಗಿ, 1967ರಲ್ಲಿ ದಕ್ಷಿಣ ಮುಂಬಯಿ ಲೋಕಸಭಾ ಕ್ಷೇತ್ರದಲ್ಲಿ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿದಾಗ ಅವರಿಗೆ 36 ವರ್ಷ. ಹಣವಾಗಲಿ ಮನೆತನವಾಗಲಿ ಬೆನ್ನಿಗಿರಲಿಲ್ಲ. ಹತ್ತು ಹದಿನೈದು ವರ್ಷ ದುಡಿಯುವವರ ನಡುವೆ ಕಳೆದ ಹಗಲು ರಾತ್ರಿಗಳಿದ್ದವು. ಅಂಥ ದುಡಿಮೆಗೆ ಇಂದಿನ ಪಕ್ಷದೊಳಗೆ ದಾರಿಯಿದೆ ಎಂದು ತೋರಿಸಿಕೊಟ್ಟರೆ ಯುವಕರನ್ನು ಕರೆಯಲು ಬೇರೆ ಕರಪತ್ರ ಬೇಡ. ವಾರ್ಡು ಸಮಿತಿಯಲ್ಲಿ ಮೂರರಲ್ಲೊಂದು ಸ್ಥಾನ ಮೂವತ್ತರೊಳಗಿನವರಿಗೆ, ಪ್ರಚಾರದ ಹಣದ ಒಂದು ಭಾಗದ ಖರ್ಚನ್ನು ಅವರೇ ತೀರ್ಮಾನಿಸುವ ಹಕ್ಕು, ಅಭ್ಯರ್ಥಿಯ ಆಯ್ಕೆಯಲ್ಲಿ ಮತ: ಈ ಮೂರನ್ನು ಬರಹದಲ್ಲಿ ಕೊಡಲು ಸಿದ್ಧವಿರುವ ಪಕ್ಷವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಯುವತಿಯರನ್ನು ತಲುಪುವುದು ಹೇಗೆ?

ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಪಕ್ಷದ ಸಭೆ ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಹನ್ನೊಂದೂವರೆಗೆ ಮುಗಿಯುತ್ತದೆ. ಕೆಲಸ ಮುಗಿಸಿ ಮೀರಾ ರೋಡಿಗೆ ಮರಳಬೇಕಾದ ಹುಡುಗಿ ಅಲ್ಲಿ ಕುಳಿತಿರಲು ಸಾಧ್ಯವೇ? ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆಯಿರಿ. ಕಿರುಕುಳದ ದೂರನ್ನು ಕೇಳುವ, ಹೊರಗಿನ ಒಬ್ಬ ಮಹಿಳೆಯೂ ಇರುವ ಸಮಿತಿಯನ್ನು ರಚಿಸಿ ಅದರ ವಿವರವನ್ನು ಎಲ್ಲರಿಗೂ ತಿಳಿಸಿರಿ. ಈ ಎರಡು ಕೆಲಸ ಮಾಡಿದ ಮೇಲೆ ತಾಯಂದಿರೇ ಮಗಳನ್ನು ಕಳುಹಿಸಲು ಹಿಂಜರಿಯುವುದಿಲ್ಲ.

ಕಾಲೇಜುಗಳ ಒಳಗೆ ಪಕ್ಷಗಳು ಹೋಗಬಹುದೇ?

ಮಹಾರಾಷ್ಟ್ರದಲ್ಲಿ 1990ರ ದಶಕದಿಂದ ಕಾಲೇಜುಗಳಲ್ಲಿ ನೇರ ವಿದ್ಯಾರ್ಥಿ ಚುನಾವಣೆಗಳು ನಿಂತಿವೆ. ಹೀಗಾಗಿ ಮತ ಕೇಳುವ, ಸೋಲುವ, ಸೋತ ಮೇಲೂ ಎದುರಾಳಿಯ ಜೊತೆ ಚಹಾ ಕುಡಿಯುವ ಅಭ್ಯಾಸವೇ ಇಲ್ಲದೆ ಒಂದು ತಲೆಮಾರು ಪದವಿ ಮುಗಿಸಿದೆ. ಮುಂಬಯಿ ವಿಶ್ವವಿದ್ಯಾಲಯದ ಪ್ರತಿನಿಧಿ ಸಭೆಯಾದ ಸೆನೆಟ್ಟಿನಲ್ಲಿ ನೋಂದಾಯಿತ ಪದವೀಧರರಿಗೆ 10 ಸ್ಥಾನಗಳಿವೆ, 2024ರ ಸೆಪ್ಟೆಂಬರಿನಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ನಮ್ಮ ಪದವೀಧರರಲ್ಲಿ ಹೆಚ್ಚಿನವರು ಅದಕ್ಕೆ ಹೆಸರು ನೋಂದಾಯಿಸಿಯೇ ಇರುವುದಿಲ್ಲ. ಪರೀಕ್ಷೆಯ ಫಲಿತಾಂಶ ತಡವಾದಾಗ ಪ್ರಶ್ನಿಸುವ ಸ್ಥಳ ಅದೇ ಆಗಿರುವುದರಿಂದ, ಆ ನೋಂದಣಿಗೆ ನೆರವಾಗುವುದು ಪಕ್ಷವೊಂದು ಮಾಡಬಹುದಾದ ಒಳ್ಳೆಯ ಕೆಲಸ.

ಕನ್ನಡ ಸಂಘಗಳು ತಮ್ಮ ಸಭಾಗೃಹವನ್ನು ಪಕ್ಷಗಳಿಗೆ ಕೊಡಬೇಕೇ?

ಕೊಡುವುದಾದರೆ ಎಲ್ಲ ಪಕ್ಷಗಳಿಗೂ ಒಂದೇ ಬಾಡಿಗೆ, ಒಂದೇ ನಿಯಮ. ಅದಕ್ಕಿಂತ ಉತ್ತಮವಾದದ್ದು ವಾರ್ಡಿನ ಎಲ್ಲ ಅಭ್ಯರ್ಥಿಗಳನ್ನು ಒಂದೇ ಸಂಜೆ ಕರೆದು, ಯುವಕರಿಂದಲೇ ಪ್ರಶ್ನೆ ಕೇಳಿಸುವುದು.

ಚುನಾವಣೆ ಮುಗಿದ ಮೇಲೆ ಏನು ಮಾಡಬೇಕು?

ಗೆದ್ದ ಪಕ್ಷಗಳು ವಿಜಯೋತ್ಸವ ಮಾಡುತ್ತವೆ, ಸೋತವರು ಕಚೇರಿಗೆ ಬೀಗ ಹಾಕುತ್ತಾರೆ, ಎರಡೂ ಕಡೆ ದುಡಿದ ಹುಡುಗರಿಗೆ ಫೋನು ಬರುವುದು ನಿಲ್ಲುತ್ತದೆ. ಫಲಿತಾಂಶ ಬಂದ ಹದಿನೈದು ದಿನಗಳೊಳಗೆ ಆ ಹುಡುಗ ಹುಡುಗಿಯರನ್ನೆಲ್ಲ ಕೂರಿಸಿ, ಮತಗಟ್ಟೆವಾರು ಲೆಕ್ಕವನ್ನು ಅವರ ಮುಂದಿಟ್ಟು, ಎಲ್ಲಿ ಏಕೆ ಮತ ಬರಲಿಲ್ಲ ಎಂದು ಅವರಿಂದಲೇ ಕೇಳಬೇಕು. ಮತದಾನದ ದಿನ ಪಟ್ಟಿಯಲ್ಲಿ ಹೆಸರು ಸಿಗದೆ ಹಿಂದಿರುಗಿದವರ ಹೆಸರು, ವಿಳಾಸಗಳನ್ನು ಅದೇ ಸಭೆಯಲ್ಲಿ ಬರೆದುಕೊಂಡು, ಮುಂದಿನ ಅರ್ಹತಾ ದಿನಾಂಕಕ್ಕೆ ಮುಂಚೆ ಅವರ ಮನೆಬಾಗಿಲಿಗೆ ನಮೂನೆ 6 ಮತ್ತು 8ನ್ನು ತೆಗೆದುಕೊಂಡು ಹೋಗಬೇಕು.